ಚಾಂಪಿಯನ್ ರೀಫ್ಸ್
ಕೋಲಾರ ಜಿಲ್ಲೆಯ ಕೆಜಿಎಫ್‌ನ (ಕೋಲಾರ ಗೋಲ್ಡ್ ಫೀಲ್ಡ್ಸ್) ಗಣಿ ಪ್ರದೇಶ, ಬಂಗಾರಪೇಟೆ–ಮಾರಿಕುಪ್ಪಂ ರೈಲುಮಾರ್ಗದಲ್ಲಿದೆ. ಇಲ್ಲಿನ ಚಿನ್ನದ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕಿಳಿದು, ಜಗತ್ತಿನ ಅತಿ ಆಳದ ಗಣಿಗಳಲ್ಲೊಂದೆನಿಸಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೆಜಿಎಫ್ ಗಣಿಗಳಿಗೆ ಬಂತು. ಕಾರ್ಮಿಕರ ಸಾಲುಮನೆಗಳ ಇಕ್ಕಟ್ಟು ಮಾತ್ರ ಬಹುಕಾಲ ಹಾಗೆಯೇ ಇತ್ತು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದ ಈ ಕಾರ್ಮಿಕರಲ್ಲಿ ದಲಿತರೇ ಹೆಚ್ಚು. ಹೀಗಾಗಿ ಊರಿನಲ್ಲಿ ತಮಿಳು ಮುಂದು. ತೆಲುಗು, ಕನ್ನಡಗಳೂ ಬಳಕೆಯಲ್ಲಿವೆ. ಮಾರಿಯಮ್ಮನ ಗುಡಿಗಳೂ ಚರ್ಚುಗಳೂ ಅಕ್ಕಪಕ್ಕದಲ್ಲಿವೆ. ಸುರಂಗದಲ್ಲಿ ಬಂಡೆ ಸಿಡಿದು ಸತ್ತವರು ಅನೇಕರು. ನಾಡಿನ ಇತಿಹಾಸ ಅವರನ್ನು ಸಾಕಷ್ಟು ನೆನೆದಿಲ್ಲ. 1965ರಲ್ಲಿ ಇದೇ ಗಣಿಯ ಆಳದಲ್ಲಿ, ಕಾಸ್ಮಿಕ್ ಕಿರಣಗಳಿಂದ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ವಿಜ್ಞಾನಿಗಳಿಗೆ ದೊರೆಯಿತು. ಅದಿರು ಅರೆದುಳಿದ ಪುಡಿಯ ‘ಸೈನೈಡ್ ಗುಡ್ಡ’ಗಳ ದೂಳು ಬೇಸಿಗೆಯ ಗಾಳಿಗೆ ಮನೆಗಳಿಗೆ ನುಗ್ಗುತ್ತದೆ. ಕೆಜಿಎಫ್‌ನ ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತಿತು. ಈಗ ಇಲ್ಲಿನ ಬಹಳಷ್ಟು ಜನ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ.