ಐದು ಬಾಟಲಿ ರಕ್ತ

ಹುಡುಗರ ಮೂಗಿನಲ್ಲಿ ರಕ್ತ ಬಂದರೆ ನಮ್ಮ ಮನೆಗಳಲ್ಲಿ ಅದಕ್ಕೆ ಒಂದೇ ಕಾರಣ, ಉಷ್ಣ. ತಲೆಗೆ ತಣ್ಣೀರು, ಕುಡಿಯಲು ಮಜ್ಜಿಗೆ, ಮೂಸಲು ಹೆಚ್ಚಿದ ಈರುಳ್ಳಿ. ಬಹಳ ಸಲ ಅದು ಮೂಗಿನ ಮುಂಭಾಗದ ಸಣ್ಣ ರಕ್ತನಾಳ ಒಡೆದು ಬಂದ ರಕ್ತ. ಹತ್ತು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಕೀರ್ತಿ ಮಜ್ಜಿಗೆಗೆ ಸಲ್ಲುತ್ತದೆ. ಆದರೆ ಅಪರೂಪಕ್ಕೆ ಒಬ್ಬ ಹುಡುಗನಲ್ಲಿ ಆ ರಕ್ತದ ಮೂಲ ಮೂಗಿನ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ ಕೂತಿರುತ್ತದೆ.

1991ರಲ್ಲಿ ನನ್ನ ಅಕ್ಕನ ಮಗನಿಗೆ ಹದಿನಾಲ್ಕು ವರ್ಷ. ಒಂದು ಹೊಳ್ಳೆ ಕಟ್ಟಿಕೊಂಡೇ ಇರುತ್ತಿತ್ತು, ತಿಂಗಳಿಗೆ ಮೂರು ನಾಲ್ಕು ಸಲ ರಕ್ತ ಸುರಿಯುತ್ತಿತ್ತು. ಬೆಂಗಳೂರಿನ ವೈದ್ಯರು ಪರೀಕ್ಷಿಸಿ, ಮೂಗಿನ ಹಿಂದೆ ಗಡ್ಡೆಯಿದೆ, ಕ್ಯಾನ್ಸರ್ ಅಲ್ಲ, ಆದರೆ ಆಪರೇಷನ್ನಿಗೆ ಮೊದಲು ಐದು ಬಾಟಲಿ ರಕ್ತ ಸಿದ್ಧವಿರಬೇಕು ಎಂದರು. "ಕ್ಯಾನ್ಸರ್ ಅಲ್ಲ ಅಂತೀರಿ ಡಾಕ್ಟ್ರೇ, ಮತ್ತೆ ಅಷ್ಟೊಂದು ರಕ್ತ ಯಾಕೆ?" ಎಂದು ಅಕ್ಕ ಕೇಳಿದಳು. ಅವರಿಗೆ ವಿವರಿಸಲು ಪುರುಸೊತ್ತಿರಲಿಲ್ಲ. ಉತ್ತರವನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಅಕ್ಕನ ಆ ಒಂದು ಪ್ರಶ್ನೆಯಲ್ಲಿ ಈ ಕಾಯಿಲೆಯ ಚರಿತ್ರೆಯೆಲ್ಲ ಅಡಗಿದೆ.

ಈ ಗಡ್ಡೆಗೆ ವೈದ್ಯರು ಇಟ್ಟ ಹೆಸರು ಆಂಜಿಯೋಫೈಬ್ರೋಮಾ. ನಾರಿನಂಥ ಅಂಗಾಂಶ ಮತ್ತು ರಕ್ತನಾಳಗಳು ಹೆಣೆದುಕೊಂಡು ಆದ ಮುದ್ದೆ. ಸಾಮಾನ್ಯವಾಗಿ ರಕ್ತನಾಳ ಕತ್ತರಿಸಿದರೆ ಅದರ ಗೋಡೆಯ ಸ್ನಾಯು ಕುಗ್ಗಿ ರಕ್ತವನ್ನು ತಡೆಯುತ್ತದೆ. ಈ ಗಡ್ಡೆಯ ನಾಳಗಳಲ್ಲಿ ಆ ಸ್ನಾಯು ಸರಿಯಾಗಿ ಇರುವುದಿಲ್ಲ. ಹೀಗಾಗಿ ಮುಟ್ಟಿದರೆ ಸಾಕು, ನಲ್ಲಿ ಬಿಚ್ಚಿದ ಹಾಗೆ ಹರಿಯುತ್ತದೆ. ಗಡ್ಡೆ ದೂರದ ಅಂಗಗಳಿಗೆ ಹರಡುವುದಿಲ್ಲ, ನಿಜ. ಆದರೆ ಇದ್ದಲ್ಲೇ ಬೆಳೆದು ಕೆನ್ನೆಯನ್ನು ಉಬ್ಬಿಸುತ್ತದೆ, ಕಣ್ಣುಗುಡ್ಡೆಯನ್ನು ಮುಂದಕ್ಕೆ ತಳ್ಳುತ್ತದೆ, ಕೆಲವರಲ್ಲಿ ತಲೆಬುರುಡೆಯ ಒಳಕ್ಕೂ ದಾರಿ ಮಾಡಿಕೊಳ್ಳುತ್ತದೆ. ಇನ್ನೊಂದು ವಿಚಿತ್ರವೆಂದರೆ, ಇದು ಬರುವುದು ಹೆಚ್ಚುಕಡಿಮೆ ಹುಡುಗರಿಗೇ, ಅದೂ ಮೀಸೆ ಚಿಗುರುವ ವಯಸ್ಸಿನಲ್ಲಿ. ಪ್ರಾಯಕ್ಕೂ ಈ ಗಡ್ಡೆಗೂ ನಂಟಿದೆ ಎಂಬುದನ್ನು ಜರ್ಮನಿಯ ಚೇಲಿಯಸ್ 1847ರಷ್ಟು ಹಿಂದೆಯೇ ಬರೆದಿಟ್ಟಿದ್ದರು.

ಮೂಗಿನೊಳಗಿನ ಗಡ್ಡೆಗಳ ಮೇಲೆ ಮನುಷ್ಯ ಕೈಯಿಟ್ಟದ್ದು ಇನ್ನೂ ಹಿಂದೆ. ಗ್ರೀಸಿನ ಹಿಪ್ಪೋಕ್ರೆಟಿಸನ ಹೆಸರಿನ ಗ್ರಂಥಗಳಲ್ಲಿ ಸ್ಪಂಜಿಗೆ ದಾರ ಕಟ್ಟಿ, ಮೂಗಿನಿಂದ ಬಾಯಿಯ ಕಡೆಗೆ ಎಳೆದು ಗಡ್ಡೆಯನ್ನು ಕಿತ್ತುಹಾಕುವ ಕ್ರಮವಿದೆ. ನಮ್ಮ ಗಡ್ಡೆಗೆ ಹಾಗೆ ಮಾಡಿದ್ದರೆ ರೋಗಿ ಏನಾಗುತ್ತಿದ್ದ ಎಂದು ನೆನೆದರೆ ಮೈ ನಡುಗುತ್ತದೆ.

ಇದನ್ನು ಮೊದಲು ಯಶಸ್ವಿಯಾಗಿ ತೆಗೆದವರೆಂದು ವೈದ್ಯಚರಿತ್ರೆ ಹೆಸರಿಸುವುದು ಲಂಡನ್ನಿನ ರಾಬರ್ಟ್ ಲಿಸ್ಟನ್ ಅವರನ್ನು, 1841ರಲ್ಲಿ. ಆಗ ಅರಿವಳಿಕೆ ಇರಲಿಲ್ಲ. ಈಥರ್ ಕೊಟ್ಟು ಮಾಡಿದ ಆಪರೇಷನ್ನನ್ನು ಜಗತ್ತು ಅಮೆರಿಕದ ಬಾಸ್ಟನ್ನಿನಲ್ಲಿ ಕಂಡದ್ದು 1846ರಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ಅದನ್ನು ಲಂಡನ್ನಿನಲ್ಲಿ ಬಳಸಿದವರೂ ಲಿಸ್ಟನ್ನರೇ. 1841ರಲ್ಲಿ ಅವರ ಬಳಿ ಇದ್ದದ್ದು ಕೈಯ ವೇಗ ಒಂದೇ, ಅದಕ್ಕೆ ಅವರು ಹೆಸರುವಾಸಿ. ಎಚ್ಚರವಿರುವ ಮನುಷ್ಯ, ಮುಖದ ಮೂಳೆಯ ಮೇಲೆ ಚಾಕು, ಧಾರೆಯಾಗಿ ರಕ್ತ. ಕೊಡಲು ಬೇರೆ ರಕ್ತವೂ ಇಲ್ಲ. ರಕ್ತದ ಗುಂಪುಗಳನ್ನು ವಿಯೆನ್ನಾದ ಲ್ಯಾಂಡ್‌ಸ್ಟೈನರ್ ಜಗತ್ತಿಗೆ ತಿಳಿಸಿದ್ದು 1901ರಲ್ಲಿ. ಆಸ್ಪತ್ರೆಯ ಅಂಗಳದಲ್ಲಿ ನನ್ನ ಭಾವನವರೂ ಅವರ ತಮ್ಮಂದಿರೂ ತೋಳು ಮಡಿಸಿ ರಕ್ತ ಕೊಡಲು ನಿಂತದ್ದರ ಹಿಂದೆ ಅಷ್ಟು ದೊಡ್ಡ ಕಥೆಯಿದೆ.

ನೋವು ಹೋಯಿತು, ರಕ್ತ ಸಿಕ್ಕಿತು. ಉಳಿದದ್ದು ದಾರಿಯ ಪ್ರಶ್ನೆ. ಅಷ್ಟು ಹಿಂದಿರುವ ಗಡ್ಡೆಯನ್ನು ತಲುಪುವುದು ಎಲ್ಲಿಂದ? ಫ್ರಾನ್ಸಿನ ಮೂರ್ 1902ರಲ್ಲಿ ವಿವರಿಸಿದ ಕ್ರಮದಲ್ಲಿ ಮೂಗಿನ ಪಕ್ಕದಲ್ಲಿ ಕೊಯ್ದು ಒಳಹೋಗುತ್ತಿದ್ದರು. ನಮ್ಮ ಹುಡುಗನಿಗೆ ಮಾಡಿದ್ದೂ ಇದನ್ನೇ, ಆ ಗೆರೆ ಇಂದಿಗೂ ಅವನ ಮುಖದಲ್ಲಿದೆ. ಕೆಲವರು ಅಂಗುಳವನ್ನು ತೆರೆದರು. ಮೇಲ್ತುಟಿಯ ಒಳಗೆ ಕೊಯ್ದು ಮುಖದ ಚರ್ಮವನ್ನೇ ಮೇಲಕ್ಕೆ ಸರಿಸಿ, ಹೊರಗೆ ಕಲೆ ಉಳಿಯದಂತೆ ಮಾಡುವ ವಿಧಾನ 1970ರ ದಶಕದಲ್ಲಿ ಬಳಕೆಗೆ ಬಂತು. ಚಾಕು ಬೇಡವೆಂದವರು ಹೆಣ್ಣು ಹಾರ್ಮೋನು ಕೊಟ್ಟು ನೋಡಿದರು. ಗಡ್ಡೆ ಕೆಲವರಲ್ಲಿ ಕುಗ್ಗಿತು, ಆದರೆ ಹುಡುಗರಿಗೆ ಎದೆ ಬೆಳೆಯತೊಡಗಿತು! ಎಕ್ಸ್‌ರೇ ಕಿರಣಗಳ ಚಿಕಿತ್ಸೆಯೂ ನಡೆಯಿತು. ಎಳೆಯ ಮುಖಕ್ಕೆ ಕಿರಣ ಕೊಟ್ಟರೆ ವರ್ಷಗಳ ಮೇಲೆ ನಿಜವಾದ ಕ್ಯಾನ್ಸರೇ ಬಂದೀತೆಂಬ ಭಯದಿಂದ, ಶಸ್ತ್ರಕ್ಕೆ ನಿಲುಕದ ಗಡ್ಡೆಗಳಿಗಷ್ಟೇ ಅದು ಮೀಸಲಾಯಿತು.

ದೊಡ್ಡ ತಿರುವು ಬಂದದ್ದು ರಕ್ತ ಹರಿದ ಮೇಲೆ ತಡೆಯುವುದಕ್ಕಿಂತ ಮೊದಲೇ ಅದರ ಬಾಗಿಲು ಮುಚ್ಚಬಹುದೆಂದು ಹೊಳೆದಾಗ. ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಸೂಜಿಯ ಮೂಲಕ ರಕ್ತನಾಳದೊಳಕ್ಕೆ ತೆಳು ನಳಿಕೆ ತೂರಿಸುವ ಸುಲಭ ಕ್ರಮ ಕಂಡುಹಿಡಿದರು. 1972ರಲ್ಲಿ ಈ ಗಡ್ಡೆಗೆ ರಕ್ತ ಉಣಿಸುವ ನಾಳವನ್ನು ಆಪರೇಷನ್ನಿಗೆ ಮುಂಚೆಯೇ ಮುಚ್ಚಿದ ವರದಿ ಬಂತು. ತೊಡೆಯ ಸಂದಿನಲ್ಲಿ ಹೊಕ್ಕ ನಳಿಕೆ ಕುತ್ತಿಗೆಯನ್ನು ದಾಟಿ ಗಡ್ಡೆಯ ನಾಳದವರೆಗೆ ಹೋಗುತ್ತದೆ. ಅಲ್ಲಿ ಸಣ್ಣ ಸಣ್ಣ ಕಣಗಳನ್ನು ಬಿಟ್ಟು ನಾಳವನ್ನು ಕಟ್ಟುತ್ತಾರೆ. ಸಾಮಾನ್ಯವಾಗಿ ಒಂದೆರಡು ದಿನಗಳೊಳಗೆ ಗಡ್ಡೆಯನ್ನು ತೆಗೆಯುತ್ತಾರೆ. ಆ ಕಣ ದಾರಿ ತಪ್ಪಿ ಕಣ್ಣಿನ ಅಥವಾ ಮೆದುಳಿನ ನಾಳಕ್ಕೆ ಹೋಗಬಾರದು, ಆದ್ದರಿಂದ ಅದು ಪಳಗಿದ ಕೈಗಳ ಕೆಲಸ.

ಇನ್ನೊಂದು ದಾರಿ ಮೂಗಿನ ಹೊಳ್ಳೆಯೇ. ಬ್ರಿಟನ್ನಿನ ಹಾಪ್ಕಿನ್ಸ್ ರೂಪಿಸಿದ ಗಾಜಿನ ಕಡ್ಡಿಗಳ ಮಸೂರದಿಂದ, ಪೆನ್ಸಿಲ್ಲಿಗಿಂತ ಸಣ್ಣ ಎಂಡೋಸ್ಕೋಪು ಒಳಗಿನದನ್ನೆಲ್ಲ ಸ್ಪಷ್ಟವಾಗಿ ತೋರಿಸಿತು. 1996ರಲ್ಲಿ ಈಜಿಪ್ಟಿನ ಕಾಮೆಲ್ ಎಂಬ ವೈದ್ಯರು ಹೊರಗೆ ಎಲ್ಲಿಯೂ ಕೊಯ್ಯದೆ, ಮೂಗಿನ ಮೂಲಕವೇ ಈ ಗಡ್ಡೆಯನ್ನು ತೆಗೆದುದನ್ನು ಪ್ರಕಟಿಸಿದರು. ಇಂದು ಸಣ್ಣ ಮತ್ತು ಮಧ್ಯಮ ಗಾತ್ರದವಕ್ಕೆ ಇದೇ ರೂಢಿ. ತಲೆಬುರುಡೆಯೊಳಗೆ ಬಹಳ ಹಬ್ಬಿದ್ದರೆ ಮಾತ್ರ ಹಳೆಯ ದಾರಿಗಳೂ ಬೇಕಾಗುತ್ತವೆ.

ಇಷ್ಟೆಲ್ಲ ದಾರಿ ಸವೆದದ್ದು ಸಾರ್ಥಕವಾಗಬೇಕಾದರೆ, ಹುಡುಗ ಗಡ್ಡೆ ಚಿಕ್ಕದಿರುವಾಗಲೇ ವೈದ್ಯರನ್ನು ಕಾಣಬೇಕು. ಆ ಮೊದಲ ಹೆಜ್ಜೆ ಇಡಬೇಕಾದವಳು ಮನೆಯಲ್ಲಿ ದಿಂಬಿನ ಮೇಲಿನ ರಕ್ತದ ಕಲೆ ತೊಳೆಯುವವಳು. ರಕ್ತ ಬಂದಾಗ ಮಗುವನ್ನು ಅಂಗಾತ ಮಲಗಿಸದೆ, ಮುಂದಕ್ಕೆ ಬಾಗಿಸಿ ಕೂರಿಸಿ ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಹಿಡಿಯಬೇಕು. ಆದರೆ ಬೆಳೆಯುವ ಹುಡುಗನಿಗೆ ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿದ್ದು, ಅದೇ ಕಡೆಯಿಂದ ಪದೇಪದೇ ರಕ್ತ ಬಂದರೆ ಉಷ್ಣವೆಂದು ಕೂರಬಾರದು, ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಬೇಕು. ಅವರು ಗಡ್ಡೆಯ ಚೂರು ಕಿತ್ತು ಪರೀಕ್ಷಿಸಲು ಹೋಗುವುದಿಲ್ಲ, ಮೊದಲು ಸ್ಕ್ಯಾನಿಂಗ್ ಮಾಡಿಸುತ್ತಾರೆ. ಕಾರಣ ಅದೇ ರಕ್ತ. ಆಪರೇಷನ್ನಾದ ಮೇಲೂ ಗಡ್ಡೆ ಮತ್ತೆ ಚಿಗುರಬಹುದು, ಹಾಗಾಗಿ ಕೆಲವು ವರ್ಷ ಹೇಳಿದ ದಿನಕ್ಕೆ ತೋರಿಸಿಕೊಂಡು ಬರಬೇಕು. ಹುಡುಗ ಬೇಡವೆಂದರೂ ಎಳೆದುಕೊಂಡು ಹೋಗಬೇಕು.