ಯುದ್ಧಕ್ಕೆ ಹುಟ್ಟಿದ ಗಾಡಿ, ಮಲೆನಾಡಿಗೆ ಒಗ್ಗಿದ ಜೀಪು

ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರದ ಕಡೆ ಜೀಪು ಎಂದರೆ ಯಾವುದೋ ಕಂಪನಿಯ ಹೆಸರಲ್ಲ. ಬಸ್ಸು, ಲಾರಿ, ಎತ್ತಿನಗಾಡಿ ಎಂದಂತೆ ಅದೂ ಒಂದು ಜಾತಿಯ ವಾಹನ. ತೋಟಕ್ಕೆ ಆಳುಗಳನ್ನು ಕರೆತರಲು ಜೀಪು, ಗೊಬ್ಬರದ ಮೂಟೆ ಹೊರಲು ಜೀಪು, ಮದುವೆಯ ದಿಬ್ಬಣಕ್ಕೆ ಜೀಪು, ನಡುರಾತ್ರಿಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡರೂ ಜೀಪು. ಆ ಹೆಸರಿನ ಒಡೆತನ ಹೊಂದಿರುವ ವಿದೇಶಿ ಕಂಪನಿ ತನ್ನದೇ ಗುರುತಿನಲ್ಲಿ ಭಾರತದ ಮಾರುಕಟ್ಟೆಗೆ ಕಾಲಿಟ್ಟದ್ದು 2016ರಲ್ಲಿ. ಅಷ್ಟು ಹೊತ್ತಿಗೆ ಜೀಪು ನಮ್ಮ ಮಾತಿನೊಳಗೆ ಸೇರಿ ತಲೆಮಾರುಗಳೇ ಕಳೆದಿದ್ದವು.

ಸೈನಿಕರಿಗಾಗಿ ಅವಸರದಲ್ಲಿ ರೂಪಿಸಿದ ಗಾಡಿಯೊಂದು ರೈತನ ಅಂಗಳಕ್ಕೆ ಬಂದದ್ದು ಹೇಗೆ? ಸುಖವಿಲ್ಲ, ವೇಗವಿಲ್ಲ, ಮಳೆಗೆ ಸರಿಯಾದ ಮುಚ್ಚಿಗೆಯೂ ಇಲ್ಲ. ಆದರೂ ಅದನ್ನು ಜನ ಬಿಡದೆ ಇಟ್ಟುಕೊಂಡದ್ದೇಕೆ?

ನಲವತ್ತೊಂಬತ್ತು ದಿನದ ಗಡುವು

1940ರ ಜುಲೈ. ಯೂರೋಪಿನಲ್ಲಿ ಹಿಟ್ಲರನ ಸೇನೆ ಫ್ರಾನ್ಸನ್ನು ಮಣಿಸಿತ್ತು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲವಾದರೂ ಸಿದ್ಧತೆ ನಡೆಸಿತ್ತು. ಕುದುರೆ ಮತ್ತು ಮೋಟಾರ್ ಸೈಕಲ್‌ಗಳ ಬದಲಿಗೆ ಹಗುರವಾದ, ನಾಲ್ಕೂ ಚಕ್ರಕ್ಕೆ ಬಲ ಕೊಡುವ ಪುಟ್ಟ ಗಾಡಿಯೊಂದು ಬೇಕೆಂದು ಅಲ್ಲಿನ ಸೇನೆ 135 ಕಂಪನಿಗಳಿಗೆ ಪತ್ರ ಬರೆಯಿತು. ಮೊದಲ ಮಾದರಿಯನ್ನು ತಂದೊಪ್ಪಿಸಲು ಕೊಟ್ಟ ಕಾಲಾವಕಾಶ ಕೇವಲ 49 ದಿನ.

ಈ ಗಡುವಿಗೆ ಒಪ್ಪಿದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಆಗಲೇ ನಷ್ಟದಲ್ಲಿ ಮುಳುಗಿದ್ದ ಅದರ ನೆರವಿಗೆ ಬಂದವರು ಕಾರ್ಲ್ ಪ್ರಾಬ್‌ಸ್ಟ್ ಎಂಬ ಎಂಜಿನಿಯರ್. ಅವರು ಎರಡೇ ದಿನಗಳಲ್ಲಿ ಗಾಡಿಯ ನಕ್ಷೆ ಬರೆದು ಮುಗಿಸಿದರು. ಸೆಪ್ಟೆಂಬರ್ 23ರಂದು, ಗಡುವಿನ ಕೊನೆಯ ದಿನ, ಮಾದರಿ ಗಾಡಿ ಮೇರಿಲ್ಯಾಂಡಿನ ಹೋಲಾಬರ್ಡ್ ಸೇನಾ ಕೇಂದ್ರವನ್ನು ತಲುಪಿತು.

ಗೆದ್ದದ್ದು ಮಾತ್ರ ಬ್ಯಾಂಟಮ್ ಅಲ್ಲ. ಸಾವಿರಗಟ್ಟಲೆ ಗಾಡಿ ತಯಾರಿಸುವ ಶಕ್ತಿ ಅದಕ್ಕಿದೆಯೆಂದು ಸೇನೆಗೆ ನಂಬಿಕೆ ಬರಲಿಲ್ಲ. ವಿಲ್ಲೀಸ್ ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳೂ ತಮ್ಮ ತಮ್ಮ ಮಾದರಿಗಳನ್ನು ಮಾಡಿ ಪರೀಕ್ಷೆಗೆ ತಂದವು. ವಿಲ್ಲೀಸ್ ಗಾಡಿಯ 60 ಅಶ್ವಶಕ್ತಿಯ ಎಂಜಿನ್ ಎಲ್ಲಕ್ಕಿಂತ ಬಲಶಾಲಿಯಾಗಿತ್ತು, ಆದರೆ ತೂಕ ಮಿತಿಮೀರಿತ್ತು. ಅದರ ಎಂಜಿನಿಯರ್ ಬಾರ್ನಿ ರೂಸ್ ಎಂಜಿನ್ ಬದಲಿಸಲು ಒಪ್ಪಲಿಲ್ಲ. ಬದಲಾಗಿ ಬೋಲ್ಟುಗಳ ಉದ್ದ ಕತ್ತರಿಸಿ, ಬಣ್ಣದ ತೂಕವನ್ನೂ ಲೆಕ್ಕಹಾಕಿ ಗಾಡಿಯನ್ನು ಮಿತಿಯೊಳಗೆ ತಂದರು. 1941ರಲ್ಲಿ ಮುಖ್ಯ ಗುತ್ತಿಗೆ ವಿಲ್ಲೀಸ್‌ಗೆ ಸಿಕ್ಕಿತು. ಅದೇ ವಿನ್ಯಾಸದ ಗಾಡಿಗಳನ್ನು ಫೋರ್ಡ್ ಕೂಡ ತಯಾರಿಸಿತು. ಯುದ್ಧ ಮುಗಿಯುವ ವೇಳೆಗೆ ಎರಡೂ ಕಂಪನಿಗಳಿಂದ ಹೊರಬಂದ ಜೀಪುಗಳು ಆರು ಲಕ್ಷಕ್ಕೂ ಹೆಚ್ಚು. ಮೊದಲ ಮಾದರಿ ಮಾಡಿದ ಬ್ಯಾಂಟಮ್‌ಗೆ ಉಳಿದದ್ದು ಜೀಪಿನ ಹಿಂದೆ ಎಳೆಯುವ ಟ್ರೈಲರ್ ತಯಾರಿಸುವ ಕೆಲಸ.

ಹೆಸರು ಬಂದ ಬಗೆಯ ಬಗ್ಗೆ ಜಗಳ ಇಂದಿಗೂ ಮುಗಿದಿಲ್ಲ. ಫೋರ್ಡ್ ಗಾಡಿಯ ಗುರುತಾದ ‘ಜಿ.ಪಿ.’ ಎಂಬ ಎರಡಕ್ಷರ ಬಾಯಿಂದ ಬಾಯಿಗೆ ಹರಿದು ಜೀಪ್ ಆಯಿತೆನ್ನುವವರಿದ್ದಾರೆ. 1936ರಲ್ಲಿ ಪಪಾಯ್ ಚಿತ್ರಕಥೆಯಲ್ಲಿ ಕಾಣಿಸಿಕೊಂಡ, ಎಲ್ಲಿಗೆ ಬೇಕಾದರೂ ಹೋಗಬಲ್ಲ ‘ಜೀಪ್’ ಎಂಬ ವಿಚಿತ್ರ ಪ್ರಾಣಿಯ ಹೆಸರೇ ಇದಕ್ಕೆ ಅಂಟಿತೆನ್ನುವವರೂ ಇದ್ದಾರೆ.

ಸೇನಾನಾಯಕ ಐಸೆನ್‌ಹೋವರ್ ತಮ್ಮ ಯುದ್ಧದ ನೆನಪುಗಳಲ್ಲಿ ಗೆಲುವಿಗೆ ನೆರವಾದ ಮುಖ್ಯ ಸಾಧನಗಳ ಸಾಲಿನಲ್ಲಿ ಬುಲ್ಡೋಜರ್, ಲಾರಿ, ಸರಕು ವಿಮಾನಗಳ ಜೊತೆ ಜೀಪನ್ನೂ ಸೇರಿಸಿದ್ದಾರೆ. ಇವುಗಳಲ್ಲಿ ಒಂದೂ ಕಾದಾಡಲೆಂದು ಮಾಡಿದ್ದಲ್ಲ ಎಂಬುದು ಅವರೇ ಗಮನಿಸಿದ ಸ್ವಾರಸ್ಯ. ಬರ್ಮಾದ ಕಾಡಿನಲ್ಲಿ ರಸ್ತೆಯೇ ಇಲ್ಲದ ಕಡೆ ಜೀಪಿಗೆ ರೈಲಿನ ಗಾಲಿ ತೊಡಿಸಿ, ಹಳಿಯ ಮೇಲೆ ವ್ಯಾಗನ್ ಎಳೆಸಿದ್ದೂ ಉಂಟು. ಹೊರುವುದು, ಎಳೆಯುವುದು, ಹೋಗಲಾರದ ಕಡೆ ಹೋಗುವುದು: ಇದೇ ಜೀಪಿನ ಕಸುಬು. ಯುದ್ಧ ನಿಂತರೂ ಆ ಕಸುಬಿಗೆ ಬೇಡಿಕೆ ನಿಲ್ಲಲಿಲ್ಲ.

ಭಾರತಕ್ಕೆ ಬಂದ ದಾರಿ

1945ರಲ್ಲಿ ಕೆ.ಸಿ. ಮಹೀಂದ್ರ, ಜೆ.ಸಿ. ಮಹೀಂದ್ರ ಸಹೋದರರು ಮಲಿಕ್ ಗುಲಾಮ್ ಮೊಹಮ್ಮದ್ ಜೊತೆಗೂಡಿ ‘ಮಹೀಂದ್ರ ಅಂಡ್ ಮೊಹಮ್ಮದ್’ ಎಂಬ ಕಂಪನಿ ಹುಟ್ಟುಹಾಕಿದರು. ಯುದ್ಧಕಾಲದಲ್ಲಿ ಸರ್ಕಾರದ ಖರೀದಿ ಕೆಲಸದ ಮೇಲೆ ಅಮೆರಿಕದಲ್ಲಿದ್ದ ಕೆ.ಸಿ. ಮಹೀಂದ್ರರಿಗೆ ಜೀಪಿನ ಪರಿಚಯ ಚೆನ್ನಾಗಿತ್ತು. ದೇಶ ವಿಭಜನೆಯಾದಾಗ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. ಇತ್ತ 1948ರಲ್ಲಿ ಕಂಪನಿಯ ಹೆಸರು ‘ಮಹೀಂದ್ರ ಅಂಡ್ ಮಹೀಂದ್ರ’ ಎಂದು ಬದಲಾಯಿತು. ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದ ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸುವ ಕೆಲಸ ಆ ದಶಕದ ಕೊನೆಯೊಳಗೆ ಶುರುವಾಗಿತ್ತು.

ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣಕ್ಕೆ ಅಂಟಿಕೊಂಡ ಹೆಸರೂ ಜೀಪಿನದೇ. 1948ರ ಕಾಶ್ಮೀರ ಯುದ್ಧದ ಸಮಯದಲ್ಲಿ ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಸೇನೆಗಾಗಿ ಹಳೆಯ ಜೀಪುಗಳ ಖರೀದಿ ಒಪ್ಪಂದ ಮಾಡಿಕೊಂಡರು. ಮದರಾಸು ಬಂದರಿಗೆ ಬಂದಿಳಿದ 155 ಜೀಪುಗಳು ಬಳಕೆಗೆ ಯೋಗ್ಯವಾಗಿರಲಿಲ್ಲ. ಸಂಸತ್ತಿನಲ್ಲಿ ಗದ್ದಲವೆದ್ದಿತು. 1955ರಲ್ಲಿ ಗೃಹಸಚಿವ ಗೋವಿಂದ ವಲ್ಲಭ ಪಂತ್ ಪ್ರಕರಣ ಮುಗಿಯಿತೆಂದು ಸಾರಿದರು. ಮರುವರ್ಷವೇ ಮೆನನ್ ಕೇಂದ್ರ ಸಚಿವರಾದರು.

ಈ ನಡುವೆ ಜೀಪಿನ ನಕಲುಗಳೂ ವಾರಗೆಯವರೂ ಬೇರೆಡೆ ಹುಟ್ಟಿದ್ದರು. ಇಂಗ್ಲೆಂಡಿನ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತಮ್ಮ ಹೊಲದಲ್ಲಿ ಯುದ್ಧದ ಹಳೆಯ ಜೀಪು ಓಡಿಸುತ್ತಿದ್ದರು. ಅದಕ್ಕೆ ಸಮನಾದ ಸ್ವದೇಶಿ ಗಾಡಿ ಬೇಕೆನಿಸಿ ಮಾಡಿದ್ದೇ 1948ರ ಲ್ಯಾಂಡ್ ರೋವರ್. ಉಕ್ಕಿಗೆ ರೇಷನ್ ಇದ್ದ ಕಾಲವಾದ್ದರಿಂದ ಅದರ ಮೈಗೆ ಅಲ್ಯುಮಿನಿಯಂ ಮಿಶ್ರಲೋಹ ಬಂತು. ಜಪಾನಿನ ಟೊಯೊಟಾ 1951ರಲ್ಲಿ ತಾನು ಮಾಡಿದ ಗಾಡಿಯನ್ನು ಫ್ಯೂಜಿ ಪರ್ವತದ ಆರನೆಯ ತಂಗುದಾಣದವರೆಗೆ ಹತ್ತಿಸಿ ತೋರಿಸಿತು. 1954ರಲ್ಲಿ ಅದಕ್ಕೆ ಲ್ಯಾಂಡ್ ಕ್ರೂಸರ್ ಎಂಬ ಹೆಸರಾಯಿತು.

ಭಾರತದಲ್ಲಿ ನೆಲೆಯೂರಿದ್ದು ಮಾತ್ರ ವಿಲ್ಲೀಸ್ ಸಂತತಿಯೇ. ಎತ್ತರದ ಬಾನೆಟ್ಟಿನ ಸಿ.ಜೆ. 3ಬಿ ಮಾದರಿ ಅಮೆರಿಕದಲ್ಲಿ 1968ಕ್ಕೆ ನಿಂತುಹೋದರೂ ಅದರ ಕುಡಿಗಳು ಇಲ್ಲಿ ದಶಕಗಳ ಕಾಲ ಹುಟ್ಟುತ್ತಲೇ ಇದ್ದವು. ಪೆಟ್ರೋಲ್ ಕುಡಿಯುವುದರಲ್ಲಿ ಜೀಪು ಉದಾರಿ. ತೈಲದ ಬೆಲೆ ಏರಿದ 1970ರ ದಶಕದ ನಂತರ ಡೀಸೆಲ್ ಎಂಜಿನ್ನುಗಳು ಬಂದವು. ಮೊದಲಿಗೆ ಟ್ರ್ಯಾಕ್ಟರ್ ಮೂಲದ ಎಂಜಿನ್, ಆಮೇಲೆ ಎಂಎಂ 540 ಮಾದರಿಯಲ್ಲಿ ಫ್ರಾನ್ಸಿನ ಪ್ಯೂಜೋ ವಿನ್ಯಾಸದ ಎಂಜಿನ್. ಟ್ರ್ಯಾಕ್ಟರ್ ಬಿಚ್ಚಬಲ್ಲ ಮೇಸ್ತ್ರಿಗೆ ಜೀಪು ಬಿಚ್ಚುವುದು ಕಷ್ಟವಾಗಲಿಲ್ಲ. ಹಳ್ಳಿಗಳಲ್ಲಿ ಜೀಪು ಬೇರೂರಲು ಇದೂ ಒಂದು ಕಾರಣ. 1985ರ ಕೊನೆಗೆ ಸುಜುಕಿ ಮೂಲದ ಮಾರುತಿ ಜಿಪ್ಸಿ ಬಂತು. ಪೆಟ್ರೋಲಿನ ಈ ಹಗುರ ಗಾಡಿ ಸೇನೆಗೂ ಪೊಲೀಸರಿಗೂ ಅರಣ್ಯ ಇಲಾಖೆಗೂ ಪ್ರಿಯವಾಯಿತು.

ಬಲ ಎಲ್ಲಿಂದ?

ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಬಲ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಆ ಚಕ್ರಗಳು ಕೆಸರಿನಲ್ಲಿ ಹೂತರೆ ಗಾಡಿ ನಿಂತಿತು. ಜೀಪಿನಲ್ಲಿ ಗೇರ್ ಪೆಟ್ಟಿಗೆಯ ಪಕ್ಕ ಇನ್ನೊಂದು ಸಣ್ಣ ಪೆಟ್ಟಿಗೆ ಇರುತ್ತದೆ. ಅದರ ಸನ್ನೆ ಎಳೆದರೆ ಮುಂದಿನ ಚಕ್ರಗಳಿಗೂ ಬಲ ಸಿಗುತ್ತದೆ. ಅದರಲ್ಲೇ ಇರುವ ‘ಲೋ’ ಗೇರು ವೇಗವನ್ನು ಅರ್ಧಕ್ಕೆ ಇಳಿಸಿ ಎಳೆಯುವ ಶಕ್ತಿಯನ್ನು ಸುಮಾರು ಎರಡರಷ್ಟಾಗಿಸುತ್ತದೆ. ಕಡಿದಾದ ಇಳಿಜಾರಿನಲ್ಲಿ ಬ್ರೇಕನ್ನು ಹೆಚ್ಚು ನಂಬದೆ, ಎಂಜಿನ್ನಿನ ಹಿಡಿತದಲ್ಲೇ ಆಮೆಯಂತೆ ಇಳಿಯಲು ನೆರವಾಗುವುದೂ ಇದೇ ಗೇರು.

ಹಾಗೆಂದು ಜೀಪು ಪವಾಡ ಮಾಡುವುದಿಲ್ಲ. ತಿರುವಿನಲ್ಲಿ ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಬೇಕು. ಅದಕ್ಕೆಂದೇ ಅಚ್ಚಿನ ನಡುವೆ ಡಿಫರೆನ್ಷಿಯಲ್ ಇರುತ್ತದೆ. ಇದರಿಂದಾಗಿ ಮುಂದೊಂದು, ಹಿಂದೊಂದು ಚಕ್ರ ಹಿಡಿತ ತಪ್ಪಿದರೆ ಅವೆರಡೇ ಗಿರಗಿರನೆ ತಿರುಗುತ್ತವೆ, ಗಾಡಿ ಕದಲುವುದಿಲ್ಲ. ಮಲೆನಾಡಿನ ಚಾಲಕರು ಮಳೆಗಾಲದಲ್ಲಿ ಟಯರಿಗೆ ಕಬ್ಬಿಣದ ಸರಪಳಿ ಸುತ್ತುವುದು ಈ ಹಿಡಿತಕ್ಕಾಗಿಯೇ. ಒಣ ಡಾಂಬರಿನ ಮೇಲೆ ನಾಲ್ಕು ಚಕ್ರದ ಸನ್ನೆ ಹಾಕಿಕೊಂಡೇ ಓಡಿಸಿದರೆ ಗೇರುಗಳ ಮೇಲೆ ಒತ್ತಡ ಬಿದ್ದು ಸವೆತ ಹೆಚ್ಚುತ್ತದೆ. ಇನ್ನು ಅಗಲ ಕಡಿಮೆ, ಎತ್ತರ ಹೆಚ್ಚು ಇರುವ ಗಾಡಿಯಾದ್ದರಿಂದ ವೇಗದಲ್ಲಿ ಥಟ್ಟನೆ ತಿರುಗಿಸಿದರೆ ಮಗುಚುವ ಅಪಾಯವೂ ಉಂಟು. ಅಂದಹಾಗೆ, ನಮ್ಮಲ್ಲಿ ಜೀಪೆಂದು ಕರೆಸಿಕೊಂಡ ಎಷ್ಟೋ ಗಾಡಿಗಳಿಗೆ ಹಿಂದಿನ ಎರಡು ಚಕ್ರದ ಬಲ ಮಾತ್ರ ಇತ್ತು. ಅವಕ್ಕೆ ಜೀಪಿನ ಆಕಾರ ಇತ್ತೇ ಹೊರತು ಆ ಶಕ್ತಿ ಇರಲಿಲ್ಲ.

ಇಟ್ಟುಕೊಂಡವರ ಪಾಡು

ಜೀಪು ಸಾಕುವುದೆಂದರೆ ಎತ್ತು ಸಾಕಿದ ಹಾಗೆ, ದಿನವೂ ಮೈದಡವಬೇಕು. ಹೊಳೆ ದಾಟಿದ ಮೇಲೆ ಬ್ರೇಕು ಒಣಗುವವರೆಗೂ ನಿಧಾನಿಸಬೇಕು. ಅಚ್ಚಿನ ಪೆಟ್ಟಿಗೆಗೆ ನೀರು ಹೊಕ್ಕರೆ ಎಣ್ಣೆ ಹಾಲಿನಂತಾಗುತ್ತದೆ, ಬದಲಿಸಬೇಕು. ಸ್ಪ್ರಿಂಗ್ ಪಟ್ಟಿ ಮುರಿಯುವುದು, ಸ್ಟೀರಿಂಗ್ ಸಡಿಲಾಗುವುದು, ನೆಲದ ತಗಡು ತುಕ್ಕು ಹಿಡಿಯುವುದು ಮಾಮೂಲು. ಕ್ಯಾನ್ವಾಸ್ ಹುಡ್ ಎಷ್ಟು ಬಿಗಿದರೂ ಆಷಾಢದ ಎರಚಲು ಒಳಗೆ ಬಂದೇ ಬರುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತವರ ಸೊಂಟದ ಸುದ್ದಿ ಕೇಳುವುದೇ ಬೇಡ.

ಇಷ್ಟಾದರೂ ಜೀಪಿನ ದೊಡ್ಡ ಗುಣವೊಂದಿತ್ತು. ಅದು ಕೆಟ್ಟರೆ ಯಾಕೆ ಕೆಟ್ಟಿತೆಂದು ಕಣ್ಣಿಗೆ ಕಾಣುತ್ತಿತ್ತು. ಬಾನೆಟ್ ಎತ್ತಿದರೆ ಕೈ ಹೋಗುವಷ್ಟು ಜಾಗ, ತೆಗೆದು ಹಾಕಲು ನಾಲ್ಕಾರು ಸ್ಪ್ಯಾನರ್. ಮುರಿದ ಭಾಗಕ್ಕೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಬೆಸುಗೆ. ಬಾಗಿಲೇ ಇಲ್ಲದಿದ್ದರೂ ಓಡುತ್ತದೆ, ಬ್ಯಾಟರಿ ಸತ್ತರೆ ಇಳಿಜಾರಿನಲ್ಲಿ ತಳ್ಳಿದರೂ ಎಂಜಿನ್ ಎದ್ದೇಳುತ್ತದೆ. ಪೇಟೆಯಿಂದ ದೂರದಲ್ಲಿ, ಮಳೆಗಾಲದ ತಿಂಗಳುಗಳಲ್ಲಿ ಸಂಪರ್ಕವೇ ಕಡಿಯುತ್ತಿದ್ದ ಊರುಗಳಲ್ಲಿ ಈ ಗುಣಕ್ಕೆ ಬೆಲೆ ಕಟ್ಟಲಾಗದು. ಕಾಫಿ ಕೊಯ್ಲಿನಲ್ಲಿ ಹಣ್ಣಿನ ಚೀಲ ಕಣಕ್ಕೆ ಸಾಗಿಸಲು, ಅಡಿಕೆ ಕೊನೆ ಹೊರಲು, ಗಾಳಿಗೆ ಉರುಳಿದ ಮರವನ್ನು ಹಗ್ಗ ಕಟ್ಟಿ ದಾರಿಯಿಂದ ಎಳೆಯಲು ಅದೊಂದೇ ಗಾಡಿ ಸಾಕಾಗುತ್ತಿತ್ತು.

ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಬಾಡಿಗೆ ಜೀಪು ನಡೆಸುವವರ ಜೀವನ ನಿಂತಿರುವುದೂ ಇದೇ ಗುಣದ ಮೇಲೆ. ಪ್ರವಾಸಿಗನಿಗೆ ಅದು ಮೈನವಿರೇಳಿಸುವ ಒಂದು ಗಂಟೆ. ಚಾಲಕನಿಗೆ ಅದು ದಿನದ ದುಡಿಮೆ, ಪ್ರತಿ ಕೊರಕಲೂ ಟಯರಿನ ಆಯುಷ್ಯದಿಂದ ಕಳೆಯುವ ಲೆಕ್ಕ.

ಉಳಿಯುವುದು ಯಾವುದು?

ಹೊಸ ಕಾಲದ ನಿಯಮಗಳಲ್ಲಿ ಹಳೆಯ ಜೀಪಿಗೆ ಜಾಗ ಕಿರಿದಾಗುತ್ತಿದೆ. ನಿಯಮಗಳು ಅನ್ಯಾಯದವೆಂದು ಹೇಳುವಂತಿಲ್ಲ. ಹಳೆಯ ಡೀಸೆಲ್ ಎಂಜಿನ್ನಿನ ಕರಿಹೊಗೆ ಎಲ್ಲರ ಶ್ವಾಸಕೋಶಕ್ಕೂ ಹೋಗುತ್ತದೆ. ಸೀಟು ಬೆಲ್ಟು, ಗಟ್ಟಿ ಮಾಡು ಯಾವುದೂ ಇಲ್ಲದ ಗಾಡಿ ಮಗುಚಿದರೆ ಒಳಗಿನವರಿಗೆ ರಕ್ಷಣೆ ಇಲ್ಲ. ಸುರಕ್ಷತೆ ಮತ್ತು ಹೊಗೆಯ ನಿಯಮ ಬಿಗಿಯಾದಾಗ ಜಿಪ್ಸಿ ಸಾಮಾನ್ಯ ಗ್ರಾಹಕರಿಗೆ 2019ರಲ್ಲಿ ನಿಂತುಹೋಯಿತು. ಖಾಸಗಿ ವಾಹನಕ್ಕೆ 15 ವರ್ಷವಾದ ಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲಿನಲ್ಲಿ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ನಗರದ ಹವ್ಯಾಸಿಗೆ ಇದು ದೊಡ್ಡದಲ್ಲ, ಎರಡೆಕರೆ ತೋಟದವನಿಗೆ ದೊಡ್ಡದೇ.

ಫಿಲಿಪೈನ್ಸ್‌ನಲ್ಲೂ ಇದೇ ಇಕ್ಕಟ್ಟು. ಯುದ್ಧದ ನಂತರ ಅಮೆರಿಕನ್ನರು ಬಿಟ್ಟುಹೋದ ಜೀಪುಗಳನ್ನು ಉದ್ದ ಮಾಡಿ, ಬಣ್ಣ ಬಳಿದು ಅಲ್ಲಿನವರು ‘ಜೀಪ್ನಿ’ ಎಂಬ ಬಡವರ ಬಸ್ಸು ಮಾಡಿಕೊಂಡರು. 2017ರಲ್ಲಿ ಸರ್ಕಾರ ಹಳೆಯ ಜೀಪ್ನಿಗಳ ಬದಲು ಹೊಸ ವಾಹನ ತರುವ ಯೋಜನೆ ಆರಂಭಿಸಿತು. ಹೊಸದರ ಸಾಲ ತೀರಿಸುವುದು ಹೇಗೆಂದು ಕೇಳಿ ಚಾಲಕರು 2023ರಲ್ಲಿ ಮುಷ್ಕರಕ್ಕೆ ಇಳಿದರು.

ಹಳೆಯ ಆಕಾರದ ಮೋಹವೇನೂ ಕುಂದಿಲ್ಲ. 2010ರಲ್ಲಿ ಬಂದ ಮಹೀಂದ್ರ ಥಾರ್ 2020ರಲ್ಲಿ ಹೊಸ ರೂಪ ತಾಳಿ ಯುವಕರ ಕನಸಿನ ಗಾಡಿಯಾಯಿತು. 2018ರಲ್ಲಿ ಅಮೆರಿಕದಲ್ಲಿ ಮಹೀಂದ್ರ ಮಾರತೊಡಗಿದ ‘ರಾಕ್ಸರ್’ ಗಾಡಿ ತಮ್ಮ ಜೀಪಿನ ಚಹರೆಯನ್ನೇ ಹೋಲುತ್ತದೆಂದು ಜೀಪ್ ಹೆಸರಿನ ಒಡೆಯರು ಅಲ್ಲಿನ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟರು. 2020ರಲ್ಲಿ ಹಳೆಯ ವಿನ್ಯಾಸಕ್ಕೆ ಆಯೋಗ ತಡೆ ಹಾಕಿತು, ಮುಂಭಾಗ ಬದಲಿಸಿದ ಮೇಲಷ್ಟೇ ಒಪ್ಪಿತು. ಮಾರಾಟವಾಗುವುದು ಜೀಪಿನ ಮುಖವೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹೊಸ ಗಾಡಿಗಳು ಹೆಚ್ಚು ಸುರಕ್ಷಿತ, ಹೊಗೆ ಕಡಿಮೆ, ಸೊಂಟಕ್ಕೂ ಹಿತ. ಆದರೆ ಅವುಗಳ ಎಂಜಿನ್ನನ್ನು ಆಳುವುದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಅದರ ದೋಷ ಹುಡುಕಲು ಕಂಪ್ಯೂಟರ್ ಬೇಕು, ಹಲವು ಸಲ ಗಾಡಿಯನ್ನು ಜಿಲ್ಲಾ ಕೇಂದ್ರದ ಷೋರೂಮಿಗೇ ಒಯ್ಯಬೇಕು. ಜೀಪಿನ ಮುಖ ಉಳಿದಿದೆ. ಅದರ ಮುಖ್ಯ ಗುಣ ಉಳಿಯಬೇಕಾದರೆ ಊರ ಮೇಸ್ತ್ರಿಗಳಿಗೆ ಹೊಸ ತರಬೇತಿ, ಉಪಕರಣ, ಕೈಗೆಟುಕುವ ಬಿಡಿಭಾಗ ಬೇಕಾಗುತ್ತದೆ. ಡಾಂಬರು ರಸ್ತೆ ಮತ್ತು ಆಂಬುಲೆನ್ಸ್ ಬಾಗಿಲವರೆಗೆ ಬರುವ ಊರಿಗೆ ಇದು ಅಷ್ಟು ತುರ್ತಿನ ಮಾತಲ್ಲ. ಇನ್ನೂ ಬಾರದ ಊರುಗಳಲ್ಲಿ, ಜಡಿಮಳೆಯ ರಾತ್ರಿ ರೋಗಿಯನ್ನು ಘಟ್ಟದ ಕೆಳಗಿನ ಆಸ್ಪತ್ರೆಗೆ ಇಳಿಸಬೇಕಾದಾಗ, ಜನ ಇಂದಿಗೂ ಕೇಳುವುದು ಯಾರ ಮನೆಯ ಜೀಪು ಸ್ಟಾರ್ಟ್ ಆಗುತ್ತದೆ ಎಂದೇ.