ಕಲ್ಕತ್ತೆಯೊಳಗಿನ ಮೈಸೂರು: ಒಂದು ಭಾನುವಾರದ ನಡಿಗೆ

ಸೆಕ್ಟರ್ ಫೈವ್, ನ್ಯೂಟೌನ್ ಕಡೆ ಕೆಲಸ ಮಾಡೋ ನಮ್ಮವರು ತುಂಬ ಜನ ಇದ್ದೀರಿ. ವೀಕೆಂಡ್ ಬಂದ್ರೆ ವಿಕ್ಟೋರಿಯಾ ಮೆಮೋರಿಯಲ್, ಪಾರ್ಕ್ ಸ್ಟ್ರೀಟ್, ಬಿರಿಯಾನಿ. ಇವತ್ತು ನಾನು ನಡೆದ ಬೇರೆ ದಾರಿ ಹೇಳ್ತೀನಿ.

ಎಸ್‌ಪ್ಲನೇಡ್‌ನಲ್ಲಿ ಮೆಟ್ರೋ ಇಳಿದು ಧರ್ಮತಲಾ ಮೂಲೆಗೆ ಬನ್ನಿ. ಬಸ್ಸುಗಳ ಗದ್ದಲದ ಮಧ್ಯೆ ಟಿಪ್ಪು ಸುಲ್ತಾನ್ ಮಸೀದಿ ಕಾಣುತ್ತೆ. ಇದನ್ನ 1842ರಲ್ಲಿ ಕಟ್ಟಿಸಿದ್ದು ಟಿಪ್ಪುವಿನ ಮಗ ಗುಲಾಮ್ ಮೊಹಮ್ಮದ್. ಯಾಕೆ ಕಟ್ಟಿಸಿದ ಅನ್ನೋದು ಅಲ್ಲಿನ ಶಾಸನದಲ್ಲೇ ಇದೆ: ದೇವರಿಗೆ ಕೃತಜ್ಞತೆಯಾಗಿ, ಮತ್ತು ಈಸ್ಟ್ ಇಂಡಿಯಾ ಕಂಪನಿಯ ಡೈರೆಕ್ಟರುಗಳು 1840ರಲ್ಲಿ ಪಿಂಚಣಿ ಬಾಕಿ ಮಂಜೂರು ಮಾಡಿದ್ದರ ನೆನಪಿಗೆ. ನಮ್ಮ ಭಾಷೇಲಿ ಹೇಳೋದಾದ್ರೆ ಅರಿಯರ್ಸ್ ಬಂದಿದ್ದಕ್ಕೆ! ನಗು ಬರುತ್ತೆ. ಆದರೆ ಆ ಬಾಕಿ ಕೊಟ್ಟಿದ್ದು ಅವನಪ್ಪನನ್ನ ಯುದ್ಧದಲ್ಲಿ ಕೊಂದ ಕಂಪನಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಕುಟುಂಬವನ್ನ ವೆಲ್ಲೂರು ಕೋಟೆಗೆ ಸಾಗಿಸಿದರು. 1806ರ ಜುಲೈನಲ್ಲಿ ಅಲ್ಲಿ ಸಿಪಾಯಿಗಳು ದಂಗೆ ಎದ್ದು ಮೈಸೂರು ಸುಲ್ತಾನರ ಬಾವುಟ ಹಾರಿಸಿದ್ದೇ ತಡ, ಇವರು ದಕ್ಷಿಣದಲ್ಲಿ ಇರೋದೇ ಬೇಡ ಅಂತ ಕಲ್ಕತ್ತೆಗೆ ಕಳಿಸಿದರು. ಆಗಿನ್ನೂ ಹುಡುಗನಾಗಿದ್ದ ಗುಲಾಮ್ ಮೊಹಮ್ಮದ್ 1872ರಲ್ಲಿ ಸತ್ತ.

ಇಲ್ಲೊಂದು ಲೆಕ್ಕ ನೋಡಿ. ಗುಲಾಮ್ ಹುಟ್ಟಿದ್ದು 1795ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು 1794ರಲ್ಲಿ. ಒಂದೇ ವರ್ಷದ ಅಂತರದ ಇಬ್ಬರು ಮಕ್ಕಳು. 1799ರಲ್ಲಿ ಒಬ್ಬನಿಗೆ ಸಿಂಹಾಸನ, ಇನ್ನೊಬ್ಬನಿಗೆ ಸೆರೆ. ಎರಡನ್ನೂ ತೀರ್ಮಾನಿಸಿದ್ದು ಕಂಪನಿಯೇ. ಆಮೇಲೆ 1831ರಲ್ಲಿ ಮುಮ್ಮಡಿಯವರ ಆಡಳಿತವನ್ನೂ ಕಿತ್ತುಕೊಂಡರು. ರಾಜ್ಯ ವಾಪಸ್ ಕೊಡಿ ಅಂತ ಅವರು ಬದುಕಿರೋವರೆಗೂ ಅರ್ಜಿ ಬರೀತಾನೇ ಇದ್ದರು. ಟಿಪ್ಪು ದೊಡ್ಡವನಾ, ಒಡೆಯರಾ ಅಂತ ನಾವು ವಾಟ್ಸಾಪ್ ಗ್ರೂಪಲ್ಲಿ ಕಿತ್ತಾಡ್ತೀವಲ್ಲ, ಆಗ ಈ ಅರ್ಜಿಗಳು ನನಗೆ ನೆನಪಾಗ್ತವೆ.

ಇನ್ನು ಮೆಟ್ರೋ ಹತ್ತಿ ಕಾಳಿಘಾಟ್ ಸ್ಟೇಷನ್ನಿಗೆ ಹೋಗೋಣ. ಸತೀಶ್ ಮುಖರ್ಜಿ ರಸ್ತೇಲಿ ಟಿಪ್ಪು ವಂಶದವರ ಖಬರಸ್ತಾನ ಇದೆ. ಅಲ್ಲಿಂದ ನಡೆದೇ ಕೇವರಾತಲಾ ಸ್ಮಶಾನ ಸೇರಬಹುದು. ಪಕ್ಕದಲ್ಲೇ ಆದಿಗಂಗಾ, ಅಂದ್ರೆ ಗಂಗೆಯ ಹಳೇ ಪಾತ್ರ. ಈಗ ಕಪ್ಪು ನೀರಿನ ನಾಲೆ. ಅಲ್ಲೊಂದು ಉದ್ಯಾನ, ಅದರೊಳಗೆ ನಮ್ಮ ಕಡೆಯ ಶೈಲಿಯ ದೇವಸ್ಥಾನ. ಹೆಸರು ಮೈಸೂರು ಗಾರ್ಡನ್!

ಮುಮ್ಮಡಿಯವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರ ನೆನಪಿನ ಜಾಗ ಅದು. 1881ರಲ್ಲಿ ಬ್ರಿಟಿಷರು ರಾಜ್ಯ ಹಿಂತಿರುಗಿಸಿದ್ದು ಇವರಿಗೇ. ಪ್ರಜಾಪ್ರತಿನಿಧಿ ಸಭೆ ಶುರುವಾಗಿದ್ದೂ ಅದೇ ವರ್ಷ. ಕಲ್ಕತ್ತೆಗೆ ಬಂದಿದ್ದಾಗ ಡಿಫ್ತೀರಿಯಾ ತಗುಲಿ 1894ರ ಡಿಸೆಂಬರ್ 28ರಂದು ತೀರಿಕೊಂಡರು. ವಯಸ್ಸು 31. ಮಗ ನಾಲ್ವಡಿಗೆ ಆಗಿನ್ನೂ ಹತ್ತು ವರ್ಷ. ತಾಯಿ ಕೆಂಪನಂಜಮ್ಮಣ್ಣಿಯವರು 1902ರವರೆಗೆ ರೀಜೆಂಟ್ ಆಗಿ ರಾಜ್ಯ ನೋಡಿಕೊಂಡರು. ಶಿವನಸಮುದ್ರದ ಕರೆಂಟು ಕೋಲಾರಕ್ಕೆ ಹರಿದಿದ್ದು ಆ ವರ್ಷವೇ.

ಕಾಲಿನಲ್ಲಿ ಶಕ್ತಿ ಉಳಿದಿದ್ರೆ ದಕ್ಷಿಣಕ್ಕೆ ಟಾಲಿಗಂಜ್ ತನಕ ಹೋಗಿ. ಗುಲಾಮ್ ಮೊಹಮ್ಮದ್ ಕಟ್ಟಿಸಿದ ಇನ್ನೊಂದು ಮಸೀದಿ ಅಲ್ಲಿದೆ. ಪಕ್ಕದ ರಸ್ತೆಗೆ ಅದೇ ಮನೆತನದ ಪ್ರಿನ್ಸ್ ಅನ್ವರ್ ಶಾ ಹೆಸರು. ಸೌತ್ ಸಿಟಿ ಮಾಲ್‌ಗೆ ಹೋಗ್ತೀರಲ್ಲ, ಅದೇ ರಸ್ತೆ.